ಅಳಿಸಬಹುದಾದ ಕಡತ

ಇಂದಿನ ಕಛೇರಿಗಳಲ್ಲಿ ಕಡತವೆಂದರೆ ಫೈಲು. ಹಿಂದೆ ಅದು ಬೇರೊಂದು ವಸ್ತುವಿನ ಹೆಸರಾಗಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಪದರಪದರವಾಗಿ ಮಡಿಸಿದ ಕಪ್ಪು ಹೊತ್ತಗೆಯೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಅಮೂಲ್ಯ ಆಕರಗಳಾಗಿವೆ. ಆದರೆ ಬೇಡವಾದುದನ್ನು ಒರೆಸಿ, ಅದೇ ಪದರದ ಮೇಲೆ ಮತ್ತೆ ಬರೆಯಲೂ ಬರುತ್ತಿತ್ತು. ಯಾವುದನ್ನು ಉಳಿಸಬೇಕು, ಯಾವುದನ್ನು ಒರೆಸಬಹುದು ಎಂಬ ವಿವೇಚನೆ ಬರೆಯುವವನದು. ಗಣಕಯಂತ್ರದ ಕಡತಗಳಿಗೂ ಈ ವಿವೇಚನೆ ಬೇಕು.

ಜನ್ನಾಪುರವೂ ಸೇರಿದಂತೆ ಇಡೀ ಭದ್ರಾವತಿಯ ಹಲವು ವರ್ಷಗಳ ಮನೆಗಂದಾಯದ ಲೆಕ್ಕವು ಒಂದು ದತ್ತಸಂಚಯದಲ್ಲಿದೆಯೆಂದು ಊಹಿಸಿಕೊಳ್ಳಬಹುದು. ಹೆಚ್ಚು ಬಾಕಿಯುಳ್ಳ ಮನೆಯಿಂದ ಆರಂಭಿಸಿ ಪಟ್ಟಿ ಬೇಕೆಂದು ಅಧಿಕಾರಿ ಕೇಳುತ್ತಾನೆ. ಅಷ್ಟೂ ಲೆಕ್ಕವನ್ನು ಒಮ್ಮೆಗೇ ಜೋಡಿಸಲು ಸ್ಥಳ ಸಾಲದಿದ್ದರೆ, ಯಂತ್ರವು ಅದನ್ನು ಕಂತೆಗಳಾಗಿ ಒಡೆದು, ಒಂದೊಂದು ಕಂತೆಯನ್ನೂ ಕ್ರಮಗೊಳಿಸಿ, ತಾತ್ಕಾಲಿಕ ಕಡತಗಳಲ್ಲಿ ಬರೆದಿಡುತ್ತದೆ; ಬಳಿಕ ಅವನ್ನೆಲ್ಲ ಬೆಸೆದು ಪಟ್ಟಿ ಮಾಡುತ್ತದೆ. ಪಟ್ಟಿ ಸಿದ್ಧವಾದೊಡನೆ ಆ ಕಡತಗಳು ಅಳಿದುಹೋಗುತ್ತವೆ.

ಇಷ್ಟು ಅಲ್ಪಾಯುಷ್ಯದ ಬರಹವನ್ನು ಹಾರ್ಡ್ ಡಿಸ್ಕಿನ ಮೇಲೆ ಏಕೆ ಬರೆಯಬೇಕು? ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಅರ್ಧ ಸುತ್ತು ತಿರುಗಲು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ಕಾಲ ಬೇಕು. ಸ್ಮೃತಿಕೋಶಕ್ಕಾದರೋ ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ತಿರುಗುವ ಭಾಗಗಳಿಲ್ಲದ ಹೊಸ ಡಿಸ್ಕುಗಳು ಈ ಅಂತರವನ್ನು ತಗ್ಗಿಸಿವೆಯೇ ಹೊರತು ಅಳಿಸಿಲ್ಲ. ಆದುದರಿಂದ ಸ್ಮೃತಿಕೋಶದ ಒಂದು ಭಾಗವನ್ನೇ ಡಿಸ್ಕಿನಂತೆ ತೋರಿಸುವ ಏರ್ಪಾಡು ಹುಟ್ಟಿತು. ಲಿನಕ್ಸಿನಲ್ಲಿ ಇದಕ್ಕೆ ಟಿಎಂಪಿಎಫ್‌ಎಸ್ ಎಂದು ಹೆಸರು. ಬರೆಯುವ ತಂತ್ರಾಂಶಕ್ಕೆ ವ್ಯತ್ಯಾಸವೇ ತಿಳಿಯದು.

ಆದರೆ ಸ್ಮೃತಿಕೋಶ ಅಕ್ಷಯಪಾತ್ರೆಯಲ್ಲ. ಬೇರೆ ಮಿತಿಯನ್ನು ಹೇಳದಿದ್ದರೆ ಟಿಎಂಪಿಎಫ್‌ಎಸ್ ಅದರ ಅರ್ಧದವರೆಗೆ ಬಳಸಬಲ್ಲುದು. ಆ ಮಿತಿ ತುಂಬಿದರೆ ಪಟ್ಟಿಯ ಕೆಲಸ ನಡುವೆಯೇ ನಿಲ್ಲುತ್ತದೆ. ಮಿತಿಯನ್ನು ಹಿಗ್ಗಿಸಿದರೆ ಉಳಿದ ಕೆಲಸಗಳಿಗೆ ಇಕ್ಕಟ್ಟು. ಅಲ್ಲದೆ, ಈಚೆಗೆ ಬರೆದುದನ್ನು ಯಂತ್ರವು ಹೇಗೂ ಸ್ವಲ್ಪ ಕಾಲ ಸ್ಮೃತಿಯಲ್ಲಿ ಇಟ್ಟುಕೊಂಡಿರುವುದರಿಂದ, ಸಣ್ಣ ಕಡತಗಳಲ್ಲಿ ಲಾಭವು ಬಹಳವಲ್ಲ.

ವಿದ್ಯುತ್ತು ಹೋದರೆ ಅಲ್ಲಿರುವುದೆಲ್ಲವೂ ಮಾಯ. ಅರೆಬರೆ ಪಟ್ಟಿ ಅಳಿದರೆ ಚಿಂತೆಯಿಲ್ಲ, ಮತ್ತೊಮ್ಮೆ ಮಾಡಿಸಬಹುದು. ಕಂದಾಯ ಕಟ್ಟಿದ ದಾಖಲೆಯೇ ಅಲ್ಲಿದ್ದರೆ, ಹಣ ತೆತ್ತ ಬಡವನು ಮರುದಿನ ಬಾಕಿದಾರನಾಗುತ್ತಾನೆ! ತಾತ್ಕಾಲಿಕವೆಂಬ ಹೆಸರೂ ಕೆಲವೊಮ್ಮೆ ಮೋಸಗೊಳಿಸುತ್ತದೆ. ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯದಲ್ಲಿ ಒಂದು ಯಂತ್ರದ ಲೆಕ್ಕವನ್ನು ಮತ್ತೊಂದು ಯಂತ್ರ ನಕಲು ಮಾಡಿಕೊಳ್ಳುತ್ತಿರುವಂತೆ ಏರ್ಪಡಿಸಬಹುದು. ನಕಲು ಮಾಡುವ ಯಂತ್ರದ ಕೆಲವು ತಾತ್ಕಾಲಿಕ ಕಡತಗಳು, ಯಂತ್ರವು ನಿಂತು ಮತ್ತೆ ಆರಂಭವಾದಾಗಲೂ ಇರಲೇಬೇಕು. ಇಲ್ಲವಾದರೆ ನಕಲು ಅಲ್ಲಿಗೇ ಕಡಿದುಹೋಗುತ್ತದೆ. ಆ ಕಡತಗಳನ್ನು ಡಿಸ್ಕಿನಲ್ಲಿಯೇ ಇಡಬೇಕೆಂದು ಅದರ ಕೈಪಿಡಿ ವಿಧಿಸುತ್ತದೆ.