ಒಬ್ಬನಿಗೆ ತುಳು ಬಾರದು, ಇನ್ನೊಬ್ಬರಿಗೆ ಊರೆಲ್ಲ ನೆಂಟರು

ಪುತ್ತೂರು, ಸುಳ್ಯ, ಕಡಬದ ಠಾಣೆಗಳಲ್ಲಿ ಒಂದು ಜೋಡಿ ಆಗಾಗ ಕಣ್ಣಿಗೆ ಬೀಳುತ್ತದೆ. ಒಬ್ಬರು ಈ ನೆಲದವರೇ ಆದ ಹೆಡ್ ಕಾನ್‌ಸ್ಟೇಬಲ್. ತುಳುವಿನಲ್ಲಿ ಗದರಿಸಿ, ಬ್ಯಾರಿಯಲ್ಲಿ ಸಮಾಧಾನ ಹೇಳಬಲ್ಲವರು. ಇನ್ನೊಬ್ಬ ಬಾಗಲಕೋಟೆಯೋ ಗದಗವೋ, ಆ ಕಡೆಯ ಹುಡುಗ. ಡಿಗ್ರಿ ಮುಗಿಸಿ ಪರೀಕ್ಷೆ ಬರೆದು ಬಂದವನು, ಕುಚ್ಚಲಕ್ಕಿ ಅನ್ನಕ್ಕೂ ಇಲ್ಲಿನ ಮಳೆಗೂ ಇನ್ನೂ ಒಗ್ಗಬೇಕಾದವನು.

ಗಾಂಜಾ, ಎಂಡಿಎಂಎ ಪ್ರಕರಣಗಳಲ್ಲಿ ಈ ಇಬ್ಬರೂ ಬೇಕು.

ಪತ್ರಿಕೆಯಲ್ಲಿ ನಾವು ಓದುವ ಸುದ್ದಿ ಹೆಚ್ಚಾಗಿ ಒಂದೇ ಅಚ್ಚಿನದು: ಅಮಲಿನಲ್ಲಿ ತೂರಾಡುತ್ತಿದ್ದ ಯುವಕ ವಶಕ್ಕೆ, ವೈದ್ಯಕೀಯ ತಪಾಸಣೆಯಲ್ಲಿ ಗಾಂಜಾ ಸೇವನೆ ದೃಢ. ಅಂಥ ಪ್ರಕರಣದಲ್ಲಿ ಗರಿಷ್ಠ 6 ತಿಂಗಳ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾರಿದವನು ಯಾರು ಎಂಬಲ್ಲಿಂದ ನಿಜವಾದ ಕೆಲಸ ಶುರು. ಸುಳ್ಯದಿಂದ ಕಾಸರಗೋಡಿಗೆ ಹೋಗುವ ಹೆದ್ದಾರಿಗೆ ಜಾಲ್ಸೂರಿನಲ್ಲಿ ಗೇಟು ಹಾಕಬಹುದು. ಪಾಣಾಜೆ, ಈಶ್ವರಮಂಗಲ, ಆಲೆಟ್ಟಿ ಕಡೆಯ ಒಳರಸ್ತೆಗಳಿಗೆಲ್ಲ ಹಾಕಲಾದೀತೆ? ಅಲ್ಲಿ ಕೆಲಸಕ್ಕೆ ಬರುವುದು ರಿಕ್ಷಾ ಸ್ಟ್ಯಾಂಡಿನ ಮಾತು, ಗೂಡಂಗಡಿಯ ಮಾತು. ಅದು ತುಳುವಿನಲ್ಲಿರಬಹುದು, ಅರೆಭಾಷೆಯಲ್ಲಿರಬಹುದು, ಮಲಯಾಳದಲ್ಲಿರಬಹುದು. 1964ರ ಭಾರತ–ಶ್ರೀಲಂಕಾ ಒಪ್ಪಂದದ ಬಳಿಕ ಅಲ್ಲಿಂದ ಬಂದ ಕುಟುಂಬಗಳಿರುವ ರಬ್ಬರ್ ತೋಟಗಳಲ್ಲಾದರೆ ತಮಿಳು. ಬಾಗಲಕೋಟೆಯ ಹುಡುಗ ಇಲ್ಲಿ ಮೂಕ.

ಆದರೆ ಹೆಡ್ ಸಾಹೇಬರಿಗೂ ಒಂದು ತೊಡಕಿದೆ. ಮಹಜರಿಗೆ ಪಂಚರು ಬೇಕು. ನಾಳೆ ಅದೇ ಮನೆಯವರೊಂದಿಗೆ ಕೋಲದ ಅಂಗಳದಲ್ಲಿ ಊಟಕ್ಕೆ ಕೂರಬೇಕಾದ ನೆರೆಯವನು ಸಹಿ ಹಾಕಲು ಹಿಂಜರಿಯುತ್ತಾನೆ. ಹೆಡ್ಡರಿಗೂ ಅದೇ ಮುಲಾಜು. ಸಿಕ್ಕಿಬಿದ್ದ ಹುಡುಗನ ಮಾವ ಇವರ ಸಹಪಾಠಿ ಆಗಿರುತ್ತಾನೆ. ಯಾರ ಹಂಗೂ ಇಲ್ಲದ ಹೊರಗಿನವನಿಗೆ ಇಲ್ಲಿ ಬೆಲೆ ಬರುತ್ತದೆ.

ಕಾಗದದ ಕೆಲಸವೂ ಸಣ್ಣದಲ್ಲ. ಮಾದಕ ವಸ್ತು ತಡೆಯ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ತೂಕವೇ ಎಲ್ಲ. ಗಾಂಜಾ 1 ಕಿಲೋವರೆಗೆ 'ಸಣ್ಣ ಪ್ರಮಾಣ', 1 ವರ್ಷದವರೆಗೆ ಸಜೆ. 20 ಕಿಲೋ ಮೀರಿದರೆ ಕನಿಷ್ಠ 10 ವರ್ಷ. ಎಂಡಿಎಂಎಗೆ ಆ ಗೆರೆಗಳು ಅರ್ಧ ಗ್ರಾಂ ಮತ್ತು 10 ಗ್ರಾಂ. ಉಗುರಿನಷ್ಟು ಪುಡಿಯಿರುವ ಪ್ಲಾಸ್ಟಿಕ್ ಪೊಟ್ಟಣವನ್ನು ಜೀಪಿನ ಬಾನೆಟ್ ಮೇಲಿಟ್ಟು ತೂಗುವಾಗ ಗಾಳಿ ಬೀಸಿದರೂ ಅಂಕಿ ಅಲುಗುತ್ತದೆ, ಕೇಸಿನ ಗತಿಯೂ ಅಲುಗುತ್ತದೆ.

ಇನ್ನು ಶೋಧ. ಸುಳಿವು ಸಿಕ್ಕರೆ 42ನೇ ಕಲಮಿನಂತೆ ಬರೆದಿಟ್ಟು, 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ವಾರಂಟ್ ಇಲ್ಲದೆ ಮನೆ ಹೊಕ್ಕು ಶೋಧಿಸುವ ಅಧಿಕಾರ ಕಾನ್‌ಸ್ಟೇಬಲ್‌ಗೆ ಇಲ್ಲ. ಮೈ ತಪಾಸಣೆಗೆ ಮುಂಚೆ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಆಗಲಿ ಎಂದು ಕೇಳುವ ಹಕ್ಕಿದೆಯೆಂದು ಆರೋಪಿಗೆ ತಿಳಿಸಲೇಬೇಕು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಕೈಚೀಲಕ್ಕೆ ಈ ನಿಯಮ ಇಲ್ಲ, ಜೇಬಿಗೆ ಇದೆ! 'ಜೇಬು ಖಾಲಿ ಮಾಡೋ' ಎಂಬ ಹಳೇ ರೂಢಿಯ ಒಂದೇ ಗದರಿಕೆಗೆ ಇಡೀ ಪ್ರಕರಣ ಬಿದ್ದುಹೋಗಬಹುದು. ಪುಸ್ತಕ ಓದಿ ಬಂದವನು ಆಗ ಹೆಡ್ಡರ ಕಿವಿಯಲ್ಲಿ 'ಸರ್, ಮೊದಲು ನೋಟಿಸ್ ಕೊಡೋಣ್ರೀ' ಎನ್ನಬೇಕು.

ಚಟಕ್ಕೆ ಬಿದ್ದವನ ತಂದೆ ತಾಯಿ ಮಾತ್ರ ಗುಟ್ಟಾಗಿ ಹೋಗುವುದು ಹೆಡ್ಡರ ಬಳಿಗೇ. ಅವರಿಗೆ ಹೇಳಬೇಕಾದ ಕಲಮು 64ಎ: ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಶಿಕ್ಷೆಯ ಭಯವಿಲ್ಲ, ಅರ್ಧಕ್ಕೆ ಬಿಟ್ಟರೆ ರಿಯಾಯಿತಿಯೂ ಹೋಗಬಹುದು. ಊರಿನವರೆದುರು ಬಾಯಿಬಿಡಲು ನಾಚಿಕೆಯಾದರೆ 2024ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಸಹಾಯವಾಣಿ 1933 ಇದೆ.