ಗೂಬೆಯ ಕಿವಿಗೆ ಯಾರ ಹಣ?

ಕಗ್ಗತ್ತಲ ಅಡುಗೆಮನೆಯಲ್ಲಿ ಪಾತ್ರೆಯೊಂದು ಉರುಳಿದರೆ ನಮ್ಮ ತಲೆ ತಾನಾಗಿಯೇ ಆ ಕಡೆಗೆ ತಿರುಗುತ್ತದೆ. ಸದ್ದು ಹತ್ತಿರದ ಕಿವಿಯನ್ನು ಮೊದಲು, ದೂರದ ಕಿವಿಯನ್ನು ತುಸು ತಡವಾಗಿ ಮುಟ್ಟುತ್ತದೆ. ಈ ಅಂತರ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅದರೊಳಗೂ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ವ್ಯತ್ಯಾಸವನ್ನು ಮನುಷ್ಯನ ಮಿದುಳು ಗುರುತಿಸಬಲ್ಲದು. ಈ ವಿದ್ಯೆಯನ್ನು ರೋಬಾಟ್‌ಗಳಿಗೆ ಕೊಡಬಲ್ಲ, ಮಿದುಳಿನ ಮಾದರಿಯ ಚಿಪ್‌ಗಳು ಈಗ ಪ್ರಯೋಗಾಲಯಗಳಲ್ಲಿ ರೂಪುಗೊಳ್ಳುತ್ತಿವೆ. ಅವುಗಳ ಹಿಂದಿನ ಕಥೆಯಲ್ಲಿ ವಿಜ್ಞಾನಿಗಳಷ್ಟೇ ಅಲ್ಲ, ಹಣ ಮಂಜೂರು ಮಾಡುವವರೂ ಗಮನಿಸಬೇಕಾದ ಸಂಗತಿಯಿದೆ.

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಲಾಯ್ಡ್ ಜೆಫ್ರೆಸ್ ಒಂದು ಊಹೆಯನ್ನು ಮುಂದಿಟ್ಟರು. ಎರಡು ಕಿವಿಗಳಿಂದ ಹೊರಟ ನರತಂತುಗಳು ಜೀವಕೋಶಗಳ ಸಾಲೊಂದನ್ನು ಎದುರುಬದುರು ತುದಿಗಳಿಂದ ಪ್ರವೇಶಿಸುತ್ತವೆ; ಎರಡೂ ಸಂಕೇತಗಳು ಏಕಕಾಲಕ್ಕೆ ತಲುಪಿದ ಕೋಶವೇ ಹೆಚ್ಚು ಪ್ರಚೋದನೆಗೊಳ್ಳುತ್ತದೆ ಎಂಬುದು ಅದರ ಸಾರ. ಬೆಂಗಳೂರು ಹಾಗೂ ಮೈಸೂರಿನಿಂದ ಸಮಾನ ವೇಗದ ಎರಡು ಬಸ್ಸುಗಳು ಹೊರಟವೆನ್ನಿ. ಅವು ಮದ್ದೂರಿನ ಆಸುಪಾಸಿನಲ್ಲಿ ಎದುರಾಗುವ ಬದಲು ಶ್ರೀರಂಗಪಟ್ಟಣದಲ್ಲಿ ಎದುರಾದರೆ, ಬೆಂಗಳೂರಿನ ಬಸ್ಸು ಮೊದಲು ಹೊರಟಿತ್ತೆಂದು ತಿಳಿಯಲು ಗಡಿಯಾರ ಬೇಕಾಗಿಲ್ಲ. ಸಂಧಿಸಿದ ಸ್ಥಳವೇ ಉತ್ತರ.

ಜೆಫ್ರೆಸ್ ಅವರ ಮನಸ್ಸಿನಲ್ಲಿದ್ದವನು ಮನುಷ್ಯ. ಆದರೆ ಪುರಾವೆ ದೊರೆತದ್ದು ಕಣಜ ಗೂಬೆಯಲ್ಲಿ, ನಮ್ಮ ಹಳೆಯ ಗೋಪುರಗಳಲ್ಲಿಯೂ ವಾಸಿಸುವ, ನಾವು ಅಪಶಕುನವೆಂದು ದೂರವಿಡುವ ಅದೇ ಪಕ್ಷಿಯಲ್ಲಿ. ಪೂರ್ಣ ಕತ್ತಲೆಯಲ್ಲಿಯೂ ಅದು ಸದ್ದಿನ ಜಾಡಿನಿಂದಲೇ ಇಲಿಯನ್ನು ಹಿಡಿಯಬಲ್ಲದು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಮಸಾಕಾಜು ಕೊನಿಶಿ ಮತ್ತು ಎರಿಕ್ ಕ್ನುಡ್ಸನ್ ಅದರ ಮಿದುಳಿನಲ್ಲಿ ಸದ್ದಿನ ದಿಕ್ಕುಗಳ ನಕಾಶೆಯೇ ಇರುವುದನ್ನು 1978ರಲ್ಲಿ ತೋರಿಸಿದರು. ಮುಂದಿನ ದಶಕದ ಕೊನೆಯ ವೇಳೆಗೆ ಕೊನಿಶಿ ಹಾಗೂ ಕ್ಯಾಥರೀನ್ ಕಾರ್ ಜೆಫ್ರೆಸ್ ಊಹಿಸಿದ್ದಂಥ ನರಜೋಡಣೆಯನ್ನೂ ಪತ್ತೆಹಚ್ಚಿದರು. (ಮನುಷ್ಯನೂ ಸೇರಿದಂತೆ ಸಸ್ತನಿಗಳ ವಿಧಾನ ಬೇರೆಯಿರಬಹುದೆಂಬ ವಾದ ಅನಂತರ ಬಲಗೊಂಡಿತು. ವಿಜ್ಞಾನದಲ್ಲಿ ಇಂಥ ವಿನೋದಗಳು ಅಪರೂಪವಲ್ಲ.) ಅದೇ ಕ್ಯಾಲ್‌ಟೆಕ್‌ನಲ್ಲಿ ಜಾನ್ ಲಝಾರೊ ಮತ್ತು ಕಾರ್ವರ್ ಮೀಡ್ 1989ರಲ್ಲಿ ಗೂಬೆಯ ಈ ವ್ಯವಸ್ಥೆಯನ್ನು ಸಿಲಿಕಾನ್ ಚಿಪ್‌ಗೆ ಇಳಿಸಿದರು.

ಇದರ ಲಾಭವಿರುವುದು ವಿದ್ಯುತ್ತಿನ ಉಳಿತಾಯದಲ್ಲಿ. ಸಾಮಾನ್ಯ ಗಣಕವು ಎರಡು ಮೈಕ್ರೊಫೋನುಗಳ ಸಂಕೇತಗಳನ್ನು, ಮೌನವಿದ್ದಾಗಲೂ, ಪಟ್ಟುಬಿಡದೆ ಹೋಲಿಸುತ್ತಿರಬೇಕು. ಮಿದುಳಿನ ಮಾದರಿಯ ಚಿಪ್ ಹೆಚ್ಚಾಗಿ ಸದ್ದಾದಾಗಷ್ಟೇ ದುಡಿಯುತ್ತದೆ. ಬ್ಯಾಟರಿಯನ್ನೇ ನಂಬಿ, ಕುಸಿದ ಕಟ್ಟಡದ ಅವಶೇಷಗಳಡಿ ನರಳುವವರನ್ನು ಅರಸಬೇಕಾದ ರೋಬಾಟ್‌ಗೆ ಇದು ಸಣ್ಣ ಸಂಗತಿಯಲ್ಲ. 2022ರಲ್ಲಿ ಫ್ರಾನ್ಸಿನ ಸಿಇಎ-ಲೆಟಿ ಸಂಸ್ಥೆಯ ತಂಡ ಗೂಬೆಯ ಇದೇ ತತ್ತ್ವವನ್ನು ಹೊಸ ಬಗೆಯ ಸ್ಮೃತಿಕೋಶಗಳಿಗೆ ಅಳವಡಿಸಿ, ಶ್ರವಣಾತೀತ ಶಬ್ದದ ಪ್ರತಿಧ್ವನಿಯಿಂದ ವಸ್ತುಗಳ ಸ್ಥಾನ ಗುರುತಿಸಿ ತೋರಿಸಿತು. ಆದರೂ ಉತ್ಪ್ರೇಕ್ಷೆ ಬೇಡ. ಗೋಡೆಗಳು ಮರುದನಿಸುವ ಕೋಣೆಯಲ್ಲಿ, ಹಲವರು ಒಟ್ಟಿಗೆ ಮಾತನಾಡುವೆಡೆ ಯಂತ್ರ ಇಂದಿಗೂ ತಡವರಿಸುತ್ತದೆ. ಸಾಮಾನ್ಯ ಚಿಪ್‌ಗಳು ವರ್ಷದಿಂದ ವರ್ಷಕ್ಕೆ ಅಗ್ಗವಾದದ್ದರಿಂದ ಮಾರುಕಟ್ಟೆಗೂ ಅವಸರವಿರಲಿಲ್ಲ.

ಸೇವೆಯಲ್ಲಿದ್ದಾಗ ಹಣಕಾಸಿನ ಕಡತಗಳನ್ನು ನೋಡಿದವನು ನಾನು. ‘ಗೂಬೆಗೆ ಇಲಿಯ ಸದ್ದು ಹೇಗೆ ಕೇಳಿಸುತ್ತದೆ’ ಎಂಬ ಪ್ರಸ್ತಾವ ನನ್ನ ಮೇಜಿಗೆ ಬಂದಿದ್ದರೆ, ‘ಸಾರ್ವಜನಿಕ ಪ್ರಯೋಜನವೇನು?’ ಎಂದು ಷರಾ ಬರೆದು ಹಿಂದಿರುಗಿಸುತ್ತಿದ್ದೆ. ಊಹೆಯಿಂದ ಮೊದಲ ಚಿಪ್‌ಗೆ ನಾಲ್ಕು ದಶಕ ಹಿಡಿಯಿತು. ಅಷ್ಟು ದೂರದ ಪ್ರತಿಫಲಕ್ಕೆ ಖಾಸಗಿ ಬಂಡವಾಳ ಕಾಯುವುದಿಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಮಿದುಳಿನ ಮಾದರಿಯ ಚಿಪ್‌ಗಳ ಸಂಶೋಧನೆ ನಡೆದಿದೆ. ಆದರೆ 2020–21ರಲ್ಲಿ ದೇಶ ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ. 2023ರ ಕಾಯ್ದೆಯಡಿ ರಚನೆಯಾದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಿಗೆ ಅಂದಾಜಿಸಿದ ₹ 50,000 ಕೋಟಿಯಲ್ಲಿ ಸುಮಾರು ₹ 36,000 ಕೋಟಿ ಸರ್ಕಾರೇತರ ಮೂಲಗಳಿಂದಲೇ ಬರಬೇಕಾಗಿತ್ತು. ಅಂಥ ದಾನಿಗಳು ರೋಬಾಟ್‌ಗೆ ಹಣ ಕೊಟ್ಟಾರು, ಗೂಬೆಗೆ ಕೊಡಲಾರರು. ಸರ್ಕಾರದ ಪಾಲಿನ ಹಣದಲ್ಲಿ ಒಂದು ಭಾಗವನ್ನಾದರೂ, ಉಪಯೋಗದ ಪ್ರಶ್ನೆ ಕೇಳದೆ, ಮೂರು ವರ್ಷದ ಗಡುವು ವಿಧಿಸದೆ, ಗೂಬೆಯಂಥ ವಿಷಯಗಳಿಗೆ ಮೀಸಲಿಡಬೇಕು.