ಕೈ ಬೀಸಿದ್ರೆ ಟಿವಿಗೆ ಹೇಗೆ ಗೊತ್ತಾಗುತ್ತೆ? ಮಾನ್ವಿಯಲ್ಲಿ ದೊಡ್ಡವ್ವನ ಜೊತೆ ಒಂದು ಮೋಷನ್ ಗೇಮ್

ಇವತ್ತಿನ ಸಂಚಿಕೆ ಶುರುವಾಗಿದ್ದು ದೇವದುರ್ಗದಿಂದ ಬಂದ ಒಂದು ಫೋನಿನಿಂದ. ಮೇ ತಿಂಗಳು, ಮಧ್ಯಾಹ್ನ. ರಾಯಚೂರು ಬಿಸಿಲು ನಿಮಗೆ ಗೊತ್ತಲ್ಲ, ನಲವತ್ತು ಡಿಗ್ರಿ ದಾಟಿದ ಮೇಲೆ ರಸ್ತೆಯಲ್ಲಿ ನಾಯಿ ಕೂಡ ಕಾಣಲ್ಲ. ಫೋನ್ ಮಾಡಿದ್ದು ನಮ್ಮ ಅಣ್ಣ, ಅಂದ್ರೆ ದೊಡ್ಡವ್ವನ ಮಗ.

"ತಮ್ಮಾ, ಟಿವಿ ಮುಂದ ನಿಂತು ಕೈ ಬೀಸಿ ಆಡೋ ಗೇಮ್ ಇರ್ತಾವಲ್ಲ, ಅದನ್ನ ಆಡಿಸಿದ್ರ ಅವ್ವನ ಕೈ ಸರಿ ಆಗತೈತಂತ. ಒಬ್ರು ಹೇಳ್ಯಾರ. ತಗೊಂಡುಬಿಡ್ಲೇನು?"

ದೊಡ್ಡವ್ವನಿಗೆ ಲಕ್ವಾ ಹೊಡೆದು ಆಗ ಐದು ತಿಂಗಳಾಗಿತ್ತು. ನಡೀತಾಳೆ, ಮಾತಾಡ್ತಾಳೆ, ಆದ್ರೆ ಬಲಗೈ ಭುಜದ ಮೇಲಕ್ಕೆ ಏಳಲ್ಲ. ಅಣ್ಣ ಕೆಲಸದ ಸಲುವಾಗಿ ದೇವದುರ್ಗದಲ್ಲಿದ್ದಾನೆ. ದೊಡ್ಡವ್ವ, ಅತ್ತಿಗೆ, ಹತ್ತು ವರ್ಷದ ಮೊಮ್ಮಗ ಮಾನ್ವಿಯಲ್ಲಿ. ಹತ್ತಿ ಮಾರಿದ ದುಡ್ಡಿನಲ್ಲಿ ಸ್ವಲ್ಪ ಉಳಿದಿತ್ತು. ಗೇಮ್ ತಗೊಂಡ್ರೆ ಫಿಜಿಯೋಥೆರಪಿಗೆ ಕೈ ಕಟ್ಟಿದಂಗೆ. "ಎರಡು ವಾರ ತಡಿ ಅಣ್ಣಾ, ನೋಡಿ ಹೇಳ್ತೀನಿ" ಅಂದೆ.

ನೋಡೋಕೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು. ನಾವು ಕೈ ಬೀಸಿದ್ದು ಆ ಯಂತ್ರಕ್ಕೆ ಗೊತ್ತಾಗೋದು ಹೇಗೆ? ಮೂರು ದಾರಿ ಇವೆ.

ಮೊದಲನೇದು, ಕೈಯಲ್ಲಿ ಹಿಡಿಯೋ ಕಡ್ಡಿ. 2006ರಲ್ಲಿ ನಿಂಟೆಂಡೋ ಕಂಪನಿಯ ವೀ ಬಂತು. ಹತ್ತು ಕೋಟಿಗೂ ಹೆಚ್ಚು ಮಾರಾಟವಾದ ಕನ್ಸೋಲ್ ಅದು. ಟಿವಿ ರಿಮೋಟಿನಂಥದ್ದನ್ನ ಹಿಡಿದು ಬೀಸಿದ್ರೆ ಪರದೆ ಮೇಲೆ ಟೆನಿಸ್ ಬ್ಯಾಟ್ ಬೀಸುತ್ತೆ. ಒಳಗಿರೋದು ಆಕ್ಸೆಲೆರೋಮೀಟರ್ ಅನ್ನೋ ಚಿಕ್ಕ ಚಿಪ್. ಮಾನ್ವಿ ಬಸ್ಸಿನಲ್ಲಿ ಕಂಬಿ ಹಿಡ್ಕೊಂಡು ನಿಂತಿದ್ದೀರಿ ಅಂದ್ಕೊಳ್ಳಿ. ಡ್ರೈವರ್ ಬ್ರೇಕ್ ಹಾಕಿದ್ರೆ ಮುಂದಕ್ಕೆ ಬಾಗ್ತೀರಿ, ಗಾಡಿ ಎಳೆದ್ರೆ ಹಿಂದಕ್ಕೆ. ಕಣ್ಣು ಮುಚ್ಚಿದ್ರೂ ಬಸ್ಸು ಏನು ಮಾಡ್ತಿದೆ ಅಂತ ಮೈಗೆ ಗೊತ್ತಾಗುತ್ತೆ. ಚಿಪ್ಪಿನೊಳಗೂ ಸ್ಪ್ರಿಂಗಿಗೆ ಕಟ್ಟಿದ ಹಾಗೆ ಒಂದು ಅತಿ ಸಣ್ಣ ಸಿಲಿಕಾನ್ ತುಂಡು ಇರುತ್ತೆ. ಕಡ್ಡಿ ಬೀಸಿದಾಗ ಅದು ಕೂದಲೆಳೆಗಿಂತ ಕಡಿಮೆ ಸರಿಯುತ್ತೆ. ಎಷ್ಟು ಸರೀತು ಅಂತ ವಿದ್ಯುತ್ತಿನ ಲೆಕ್ಕದಲ್ಲಿ ಅಳೀತಾರೆ. ಅಷ್ಟೇ.

ಆದ್ರೆ ಇದಕ್ಕೆ ತಿರುವು ಸರಿಯಾಗಿ ಗೊತ್ತಾಗಲ್ಲ. ಅದಕ್ಕೆ ಗೈರೋಸ್ಕೋಪ್ ಬೇಕು. ವೀಗೆ ಅದು ಸೇರಿದ್ದು 2009ರಲ್ಲಿ, ಮೋಷನ್‌ಪ್ಲಸ್ ಅನ್ನೋ ಹೆಚ್ಚುವರಿ ತುಂಡಾಗಿ. 2017ರಲ್ಲಿ ಬಂದ ನಿಂಟೆಂಡೋ ಸ್ವಿಚ್‌ನ ಕಂಟ್ರೋಲರಿನಲ್ಲಿ ಎರಡೂ ಇವೆ. ನಿಮ್ಮ ಜೇಬಿನಲ್ಲಿರೋ ಫೋನಿನಲ್ಲೂ ಆಕ್ಸೆಲೆರೋಮೀಟರ್ ಇದೆ. ಫೋನ್ ಅಡ್ಡ ಮಾಡಿದಾಗ ವಿಡಿಯೋ ತಾನೇ ಅಡ್ಡ ಆಗೋದು ಅದರಿಂದಲೇ. ಫೋನ್ ಓರೆ ಮಾಡಿ ಕಾರ್ ರೇಸ್ ಆಡಿದವರೆಲ್ಲ ಮೋಷನ್ ಗೇಮ್ ಆಡಿದವರೇ.

ಇನ್ನೊಂದು ಮಜಾ ಕೇಳಿ. ವೀ ಜೊತೆ ಟಿವಿ ಮೇಲೆ ಇಡೋ ಒಂದು ಪಟ್ಟಿ ಕೊಡ್ತಿದ್ರು, ಹೆಸರು ಸೆನ್ಸರ್ ಬಾರ್. ಅದರಲ್ಲಿ ಸೆನ್ಸರೇ ಇಲ್ಲ! ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬಿಡೋ ಸಣ್ಣ ದೀಪಗಳು ಮಾತ್ರ. ಕ್ಯಾಮೆರಾ ಇರೋದು ಕಡ್ಡಿಯ ಮೂತಿಯಲ್ಲಿ. ಪಟ್ಟಿ ಹಾಳಾದವರು ಅದರ ಜಾಗದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದ್ದೂ ಉಂಟು, ಯಾಕಂದ್ರೆ ಬತ್ತಿಯ ಉರಿಯಿಂದಲೂ ಇನ್ಫ್ರಾರೆಡ್ ಬರುತ್ತೆ.

ಎರಡನೇದು, ಆಳ ಅಳೆಯೋ ಕ್ಯಾಮೆರಾ. 2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕೈನೆಕ್ಟ್ ತಂತು. ಕೈಯಲ್ಲಿ ಏನೂ ಹಿಡಿಯೋ ಹಾಗಿಲ್ಲ, ಮೈಯೇ ರಿಮೋಟ್. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. ಅದು ಕೋಣೆ ತುಂಬ ಇನ್ಫ್ರಾರೆಡ್ ಚುಕ್ಕೆಗಳನ್ನ ಚೆಲ್ಲುತ್ತೆ. ಬಯಲಿನ ಮೇಲೆ ಚುಕ್ಕಿ ರಂಗೋಲಿ ಇಟ್ಟು, ಅಲ್ಲೇ ಒಂದು ಗುಡ್ಡ ಎದ್ರೆ ಚುಕ್ಕಿಗಳು ಜರುಗ್ತವಲ್ಲ, ಹಾಗೆ ನಿಮ್ಮ ಮೈ ಅಡ್ಡ ಬಂದಾಗ ಚುಕ್ಕೆಗಳು ಜರುಗ್ತವೆ. ಎಷ್ಟು ಜರುಗಿದ್ವು ಅನ್ನೋದರಿಂದ ನೀವು ಎಷ್ಟು ದೂರ ಇದ್ದೀರಿ ಅಂತ ಲೆಕ್ಕ. ಆಮೇಲೆ ಮೈಯಲ್ಲಿ 20 ಕೀಲು ಗುರುತಿಸಿ ಒಂದು ಕಡ್ಡಿ ಗೊಂಬೆ ಮಾಡ್ಕೊಳ್ಳುತ್ತೆ. ಕೈನೆಕ್ಟ್ ತಯಾರಿಕೆ 2017ರಲ್ಲಿ ನಿಂತಿತು. ಆದ್ರೆ ಮೊದಲ ಕೈನೆಕ್ಟಿನ ಹಿಂದೆ ಇದ್ದ ಪ್ರೈಮ್‌ಸೆನ್ಸ್ ಅನ್ನೋ ಇಸ್ರೇಲಿನ ಕಂಪನಿಯನ್ನ ಆಪಲ್ 2013ರಲ್ಲೇ ಕೊಂಡಿತ್ತು. ಐಫೋನ್ ಇವತ್ತು ಮುಖ ನೋಡಿ ಲಾಕ್ ತೆಗೆಯೋದೂ ಇದೇ ಥರದ ಚುಕ್ಕೆಗಳಿಂದ.

ಮೂರನೇದು, ಸಾದಾ ಕ್ಯಾಮೆರಾ ಮತ್ತು ಎಐ. ಚುಕ್ಕೆ ಇಲ್ಲ, ಕಡ್ಡಿ ಇಲ್ಲ. ಲಕ್ಷಾಂತರ ಚಿತ್ರ ನೋಡಿ ಕಲಿತ ಪ್ರೋಗ್ರಾಂ, ವಿಡಿಯೋದಲ್ಲಿ ಮೊಣಕೈ ಎಲ್ಲಿ, ಮೊಣಕಾಲು ಎಲ್ಲಿ ಅಂತ ಅಂದಾಜು ಮಾಡುತ್ತೆ. ಗೂಗಲ್‌ನ ಮೀಡಿಯಾಪೈಪ್ ಹೀಗೆ 33 ಬಿಂದು ಗುರುತಿಸುತ್ತೆ, ಫೋನಿನಲ್ಲೇ ಓಡುತ್ತೆ. ಇದು ಅಳತೆ ಅಲ್ಲ, ಅಂದಾಜು. ದೊಗಳೆ ಅಂಗಿ, ಸೀರೆ ಸೆರಗು, ಮಂದ ಬೆಳಕು ಇದ್ರೆ ತಪ್ಪುತ್ತೆ.

ಇಷ್ಟು ತಿಳ್ಕೊಂಡು, ರಾಯಚೂರಿನ ಗೆಳೆಯನೊಬ್ಬನ ಹತ್ತಿರ ಇದ್ದ ಹಳೇ ಕ್ಯಾಮೆರಾ ಸೆಟ್ಟು ಎರವಲು ತಗೊಂಡು ಶನಿವಾರ ಮಾನ್ವಿ ಬಸ್ ಹತ್ತಿದೆ.

ಮೊದಲ ಸೋಲು ಜಾಗದ್ದು. ಇಂಥ ಕ್ಯಾಮೆರಾಕ್ಕೆ ಒಬ್ಬರು ಆಡೋಕೆ ಸುಮಾರು ಆರು ಅಡಿ ದೂರ ಬೇಕು, ಇಬ್ಬರಿಗೆ ಎಂಟು. ಪಡಸಾಲೆಯಲ್ಲಿದ್ದ ಹೊರಸು, ಜೋಳದ ಚೀಲ ಎಲ್ಲ ಹೊರಗೆ ಹೋದ್ವು. ಎರಡನೇ ಸೋಲು ಬೆಳಕಿನದು. ಬಾಗಿಲಿಂದ ಬಿಸಿಲು ನೇರ ಒಳಗೆ. ಸೂರ್ಯನ ಬೆಳಕಿನಲ್ಲೂ ಇನ್ಫ್ರಾರೆಡ್ ಇರುತ್ತೆ, ಅದರ ಮುಂದೆ ಯಂತ್ರದ ಚುಕ್ಕೆಗಳು ಹಗಲಿನ ದೀಪ ಇದ್ದಂಗೆ. ಪರದೆ ಮೇಲಿನ ಗೊಂಬೆ ಕೈಕಾಲು ಸೊಟ್ಟ ಮಾಡ್ಕೊಂಡು ನಿಂತಿತು. "ಇದಕ್ಕೂ ಲಕ್ವಾ ಹೊಡದೈತೇನು?" ಅಂದಳು ದೊಡ್ಡವ್ವ. ಮನೆಮಂದಿ ಎಲ್ಲ ನಕ್ಕರು. ಅವಳು ಹಾಗೆ ನಗಿಸಿ ಐದು ತಿಂಗಳಾಗಿತ್ತು ಅಂತ ಅತ್ತಿಗೆ ಆಮೇಲೆ ಹೇಳಿದ್ರು.

ಬಾಗಿಲಿಗೆ ಕಂಬಳಿ ಕಟ್ಟಿದೆವು. ಬೌಲಿಂಗ್ ಆಟ ಹಚ್ಚಿದೆ. ಹಿಂದೆ ಕುರ್ಚಿ, ಪಕ್ಕದಲ್ಲಿ ನಾನು. ದೊಡ್ಡವ್ವ ಚೆಂಡು ಎಸೆದಳು, ಪಿನ್ನುಗಳು ಬಿದ್ವು, ಮೊಮ್ಮಗ ಕುಣಿದ. ಅಂಕದ ಮೇಲೆ ಅಂಕ. ಇನ್ನೇನು, ಅಣ್ಣನಿಗೆ ಫೋನ್ ಮಾಡಿ "ತಗೋ" ಅನ್ನೋದೇ ಬಾಕಿ.

ಆಗ ಅತ್ತಿಗೆ ಮೆಲ್ಲಗೆ ಅಂದ್ರು, "ಕೈ ಎಲ್ಲೈತ್ರಿ ಎತ್ತಿದ್ದು? ಸೊಂಟ ತಿರುವಾಕತ್ಯಾರ."

ನಿಜ. ಭುಜ ಅಲ್ಲಾಡಿರಲೇ ಇಲ್ಲ. ಇಡೀ ಮೈ ತಿರುವಿ ಕೈಯನ್ನ ಜೋಲಿಯ ಹಾಗೆ ಎಸೀತಿದ್ದಳು. ಯಂತ್ರಕ್ಕೆ ಕೈ ಇಲ್ಲಿಂದ ಅಲ್ಲಿಗೆ ಹೋಗಿದ್ದು ಕಂಡಿತು, ಅಂಕ ಕೊಟ್ಟಿತು. ಯಾವ ಸ್ನಾಯು ಎಳೀತು ಅನ್ನೋದು ಅದಕ್ಕೆ ಬೇಕಿರಲಿಲ್ಲ. ನೀವೂ ಇದನ್ನ ಮಾಡಿರ್ತೀರಿ. ಜಸ್ಟ್ ಡ್ಯಾನ್ಸ್ ಆಟವನ್ನ ಫೋನ್ ಹಿಡಿದು ಆಡಿದ್ರೆ ಲೆಕ್ಕಕ್ಕೆ ಬರೋದು ಫೋನ್ ಹಿಡಿದ ಬಲಗೈ ಮಾತ್ರ. ಕೂತಲ್ಲೇ ಬಲಗೈ ಆಡಿಸಿದ್ರೂ ನೀವು ಡ್ಯಾನ್ಸರ್! ನಮಗೆ ಅದು ತಮಾಷೆ. ಕೈ ವಾಪಸ್ ಬರಲಿ ಅಂತ ಕಾಯೋರಿಗೆ ಅಲ್ಲ. ತಪ್ಪು ಚಲನೆಗೆ ಅಂಕ ಸಿಕ್ತಾ ಹೋದ್ರೆ ತಪ್ಪೇ ರೂಢಿ ಆಗುತ್ತೆ.

ಎಂಟು ಗಂಟೆಗೆ ಕರೆಂಟ್ ಹೋಯ್ತು. ಸೆಕೆ, ಕತ್ತಲು. ಮೊಮ್ಮಗ ಫೋನ್ ಟಾರ್ಚ್ ಹಚ್ಚಿ, ಪಗಡಿ ಹಾಸಿ, ಕವಡಿ ತಂದಿಟ್ಟ. ಒಂದೇ ಷರತ್ತು: "ಯಮ್ಮಾ, ಬಲಗೈಲೇ ಹಾಕಬೇಕು." ದೊಡ್ಡವ್ವ ಕವಡಿ ಒಂದೊಂದೇ ಹೆಕ್ಕಿದಳು, ಮುಷ್ಟಿ ಮಾಡಿದಳು, ಕೈ ಎತ್ತಿದಳು. ಸೊಂಟ ತಿರುವೋಕೆ ಹೋದ್ರೆ ಹುಡುಗ "ಮೋಸ! ಮೋಸ!" ಅಂತ ಕೂಗ್ತಿದ್ದ. ಸಂಜೆಯೆಲ್ಲ ಆ ಕ್ಯಾಮೆರಾ ಹಿಡಿಯದ ಮೋಸವನ್ನ ಹತ್ತು ವರ್ಷದ ಹುಡುಗ ಹಿಡಿದ.

ರಾಯಚೂರಿಗೆ ವಾಪಸ್ ಬಂದು ಇದರ ಬಗ್ಗೆ ಯಾರಾದ್ರೂ ಪರೀಕ್ಷೆ ಮಾಡಿದ್ದಾರಾ ಅಂತ ಹುಡುಕಿದೆ. ಮಾಡಿದ್ದಾರೆ. 2016ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ಕೆನಡಾ, ಅರ್ಜೆಂಟೀನಾ, ಪೆರು, ಥಾಯ್ಲೆಂಡ್, ಈ ನಾಲ್ಕು ದೇಶದಲ್ಲಿ ಲಕ್ವಾ ಹೊಡೆದು ಮೂರು ತಿಂಗಳೊಳಗಿದ್ದ 141 ಜನರನ್ನ ಎರಡು ಗುಂಪು ಮಾಡಿದ್ರು. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಇತ್ತು. ಅದರ ಜೊತೆಗೆ ಒಂದು ಗುಂಪಿಗೆ ವೀ ಆಟ, ಇನ್ನೊಂದಕ್ಕೆ ಇಸ್ಪೀಟು, ಬಿಂಗೋ, ಚೆಂಡಾಟದಂಥ ಸಾದಾ ಆಟ. ಎರಡು ವಾರದಲ್ಲಿ ಹತ್ತು ಸಲ, ಒಂದೊಂದು ತಾಸು. ಕೊನೆಗೆ ಎರಡೂ ಗುಂಪಿನವರ ಕೈ ಸುಧಾರಿಸಿತ್ತು. ಯಾವುದು ಮೇಲು ಅಂತ ಹೇಳೋಕಾಗಲಿಲ್ಲ. ಅಂದ್ರೆ ವೀ ಕೆಲಸಕ್ಕೆ ಬರಲ್ಲ ಅಂತಲ್ಲ, ಇಸ್ಪೀಟಿಗಿಂತ ಹೆಚ್ಚೇನೂ ಮಾಡಲಿಲ್ಲ ಅಂತ. ಇಂಥ ಹಲವು ಅಧ್ಯಯನ ಒಟ್ಟಿಗೆ ನೋಡಿದವರ ಮಾತು: ಚಿಕಿತ್ಸೆಯ ಜಾಗದಲ್ಲಿ ಗೇಮ್ ಇಟ್ರೆ ಹೆಚ್ಚಿನ ಲಾಭ ಇಲ್ಲ. ಚಿಕಿತ್ಸೆಯ ಜೊತೆಗೆ ಸೇರಿಸಿ ಅಭ್ಯಾಸದ ಹೊತ್ತು ಹೆಚ್ಚಾದ್ರೆ ಲಾಭ ಆಗಬಹುದು.

ಇದನ್ನೇ ಅಣ್ಣನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರ ಆ ರೊಕ್ಕ ಬಸ್ಸಿಗೂ ಫಿಜಿಯೋಗೂ ಇಡೋಣು" ಅಂದ. ಈಗ ಅತ್ತಿಗೆ ವಾರಕ್ಕೆ ಎರಡು ಸಲ ದೊಡ್ಡವ್ವನನ್ನ ರಾಯಚೂರಿಗೆ ಕರ್ಕೊಂಡು ಬರ್ತಾರೆ. ಬಾಕಿ ದಿನ ಪಗಡಿ.

ನೀವು ಮನೆಯಲ್ಲಿ ಮೋಷನ್ ಗೇಮ್ ಆಡೋರಾದ್ರೆ ನಾಲ್ಕು ಮಾತು. ಕೈ ಎತ್ತೋ ಮುಂಚೆ ಮೇಲೆ ನೋಡಿ. ನಮ್ಮ ಊರಿನ ಸೆಕೆಯಲ್ಲಿ ಫ್ಯಾನ್ ಬಂದ್ ಮಾಡೋ ಮಾತೇ ಇಲ್ಲ, ತಗ್ಗು ಛಾವಣಿ ಆದ್ರೆ ಬೆರಳಿಗೆ ಅಪಾಯ. ಕಡ್ಡಿಯ ದಾರವನ್ನ ಮಣಿಕಟ್ಟಿಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಅದು ನೇರ ಟಿವಿಗೇ ಹೋಗುತ್ತೆ. ಫೋನ್ ಆಪ್ ಆದ್ರೆ, ಆಟ ಮುಗಿದ ಮೇಲೆ ಕ್ಯಾಮೆರಾ ಅನುಮತಿ ತೆಗೀರಿ, ಅದು ನೋಡ್ತಿರೋದು ನಿಮ್ಮ ಮನೆಯ ಒಳಗನ್ನ. ಕಾಯಿಲೆ ಇದ್ದವರನ್ನ ಆಡಿಸೋದಾದ್ರೆ ಡಾಕ್ಟರನ್ನೋ ಫಿಜಿಯೋವನ್ನೋ ಕೇಳಿ, ಬೀಳದ ಹಾಗೆ ಪಕ್ಕದಲ್ಲಿ ನಿಲ್ಲಿ, ಅಂಕ ನೋಡಬೇಡಿ, ಭುಜ ನೋಡಿ.

ಮತ್ತೆ ಯಾರದಾದ್ರೂ ಮುಖ ಒಂದು ಕಡೆ ವಾಲಿದ್ರೆ, ಕೈ ಸೋತ್ರೆ, ಮಾತು ತೊದಲಿದ್ರೆ, ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಹಳೇ ಸೆಟ್ಟನ್ನ ಗೆಳೆಯನಿಗೆ ವಾಪಸ್ ಕೊಟ್ಟೆ. ಹೋದ ವಾರ ದೊಡ್ಡವ್ವ ಫೋನಿನಲ್ಲಿ ಕೇಳಿದಳು, "ಆ ಸೊಟ್ಟ ಗೊಂಬಿ ಮತ್ತ ಯಾವಾಗ ತರ್ತೀ?" ಈ ಭಾನುವಾರ ತರ್ತೀನಿ ಅಂದಿದ್ದೀನಿ. ಔಷಧಿಗಂತಲ್ಲ, ಆಟಕ್ಕೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.